ಅಚ್ಯುತನಿಗೆ ಹೆಣ್ಣು ಗೊತ್ತಾದದ್ದು

ಕಾರ್ಗಿಲ್ ಯುದ್ಧದಲ್ಲಿ ತೀರಿಹೋದ ತಮ್ಮ ಅಚ್ಯುತನಿಗೆ ಹೆಣ್ಣು ಗೊತ್ತಾಗಿದೆ ಎಂಬ ಸುದ್ದಿ ಸುಶೀಲಳಿಗೆ ತಲುಪಿದ್ದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಲ್ಲಿ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಕಾಸರಗೋಡಿನಿಂದ ಫೋನು ಮಾಡಿದವನು ಇನ್ನೊಬ್ಬ ತಮ್ಮ ಜಯಕರ.

"ಒಳ್ಳೆ ಕುಟುಂಬ ಅಕ್ಕ. ಜಾತಕವೂ ಕೂಡಿ ಬಂತು. ಹುಡುಗಿ ಹೋಗಿ ತುಂಬಾ ವರ್ಷ ಆಗಿದೆ."

"ಹಾಗಾದ್ರೆ ಅತ್ತಿಗೆ ನಾದಿನಿ ಜಗಳದ ಭಯ ಇಲ್ಲ," ಎಂದಳು ಸುಶೀಲ.

ಅವರ ಕಡೆ ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತವರನ್ನು ಹುಡುಕಿ ಪ್ರೇತ ಮದುವೆ ಮಾಡಿಸುವುದುಂಟು. ಜಯಕರನ ಮಗಳು ನವ್ಯಾಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗುತ್ತಿದ್ದವು. ಚಿಕ್ಕಪ್ಪ ಬ್ರಹ್ಮಚಾರಿಯಾಗಿ ಕಾದು ಕೂತಿದ್ದಾನೆ ಎಂದು ಜ್ಯೋತಿಷಿ ಹೇಳಿದ್ದರು.

ಹಡಗಿನ ಸರಕಿನ ಕಸ್ಟಮ್ಸನ್ನು ಸಲೀಸಾಗಿ ನಿಭಾಯಿಸುವ ಸುಶೀಲಳಿಗೆ ಮನೆಯ ಕಸ್ಟಮ್ ಮುಂದೆ ಬಾಯಿ ಏಳುತ್ತಿರಲಿಲ್ಲ. ಈ ಸಲ ಎದ್ದಿತು. ಅಚ್ಯುತ ತಿರುವನಂತಪುರದ ಪಾಂಗೋಡು ಸೇನಾ ಶಿಬಿರದಲ್ಲಿದ್ದಾಗ ಅಲ್ಲೇ ಬ್ಯಾಂಕ್ ಕೆಲಸದಲ್ಲಿದ್ದ ಊರಿನವರೊಬ್ಬರ ಮಗಳು ಚಂದ್ರಾವತಿಯೊಂದಿಗೆ ವೀಳ್ಯಶಾಸ್ತ್ರ ಆಗಿ ಅವನ ಮದುವೆ ನಿಶ್ಚಯವಾಗಿತ್ತು. ಆಮೇಲೆ ಯುದ್ಧ ಬಂತು. ಕೊಟ್ಟ ಮಾತನ್ನು ವಾಪಸು ಕೇಳಲು ಯಾರೂ ಹೋಗಲಿಲ್ಲ.

"ಅವಳನ್ನು ಕೇಳದೆ ಮಾಡುದು ಸರಿಯಲ್ಲ ಮಾರಾಯ."

"ಅವಳಿಗೆ ಗಂಡ ಮಕ್ಕಳು ಉಂಟು! ಈಗ ಅವಳ ಒಪ್ಪಿಗೆ ಎಂತಕ್ಕೆ?"

"ಅವಳು ಬೇಡ ಅಂದ್ರೆ ನಾನು ಬರುದಿಲ್ಲ. ಅಕ್ಕ ಇಲ್ಲದೆ ಧಾರೆ ಹೇಗೆ ಎರೀತಿ, ನೋಡ್ತೇನೆ."

ಶನಿವಾರ ಎರ್ನಾಕುಲಂನಿಂದ ಬೆಳಗ್ಗಿನ ರೈಲು ಹಿಡಿದು ತಿರುವನಂತಪುರಕ್ಕೆ, ಚಂದ್ರಾವತಿಯ ಮನೆಗೆ ಹೋದಳು. ಚಂದ್ರಾವತಿ ಚಹಾ, ಬಾಳೆಹಣ್ಣು ಕರಿದ ಪಳಂಪೊರಿ ತಂದಿಟ್ಟು ಎಲ್ಲವನ್ನೂ ಕೇಳಿದಳು. ಮೊದಲು ನಕ್ಕಳು.

"ಹುಡುಗಿಗೆ ಎಷ್ಟು ಪ್ರಾಯ ಅಕ್ಕ?"

"ಹೋಗುವಾಗ ತೊಟ್ಟಿಲಿನ ಮಗು. ಈಗ ನಲವತ್ತಾರಂತೆ. ಹೋದವರಿಗೂ ವರ್ಷ ಕೂಡಿಸ್ತಾರೆ, ಅದು ಶಾಸ್ತ್ರ."

"ಹಾಗಾದ್ರೆ ನಿಮ್ಮ ತಮ್ಮನಿಗೂ ಈಗ ಐವತ್ತು." ಚಂದ್ರಾವತಿ ಲೋಟ ಕೆಳಗಿಟ್ಟಳು. "ನಾನು ಅವರನ್ನು ಇಪ್ಪತ್ತನಾಲ್ಕರಲ್ಲೇ ಇಟ್ಟಿದ್ದೆ. ಈಗೀಗ ನೆನಪಾದ್ರೆ ನನ್ನ ಮಗನ ಹಾಗೆ ಕಾಣ್ತಾರೆ."

ಸುಶೀಲ ಪಳಂಪೊರಿಯ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತ ಕೂತಳು.

"ಮಾಡಿಸಿ ಅಕ್ಕ. ಒಬ್ಬರೇ ಎಷ್ಟೂಂತ ಇರುದು? ಆದ್ರೆ, ಮದುಮಗನ ಕುರ್ಚಿಯಲ್ಲಿ ಎಂತ ಇಡ್ತೀರಿ?"

"ಯೂನಿಫಾರ್ಮ್. ಊರವರು ನೋಡ್ಲಿ ಅಂತ ಜಯಕರನ ಆಸೆ."

"ಬೇಡ. ಮದುವೆಗೆ ಬಿಳಿ ಷರ್ಟು, ಪಂಚೆ ಅಂತ ಅವರೇ ನನ್ನ ಹತ್ರ ಹೇಳಿದ್ರು. ಮದುವೆ ದಿನವಾದ್ರೂ ಯೂನಿಫಾರ್ಮಿಗೆ ರಜೆ ಬೇಡ್ವಾ ಅಂತ."

ಸುಶೀಲ ಅಲ್ಲಿಂದಲೇ ಜಯಕರನಿಗೆ ಫೋನು ಮಾಡಿ ಒಪ್ಪಿಗೆಯನ್ನೂ ಷರತ್ತನ್ನೂ ತಿಳಿಸಿದಳು. ಅವನು ಗೊಣಗಿದ, ಕೊನೆಗೆ ಹೂಂ ಅಂದ.

ವಾಪಸಿನ ರೈಲಿಗೆ ಹೊತ್ತಿತ್ತು. ಸ್ಟೇಷನ್ ಹತ್ತಿರದ ಚಾಲ ಬಜಾರಿನ ಅಂಗಡಿಯೊಂದರಲ್ಲಿ ಜರಿಯಂಚಿನ ಪಂಚೆ ಆರಿಸಿ ಬಿಳಿ ಷರ್ಟು ಕೇಳಿದಳು.

"ಸೈಸ್ ಎತ್ರಯಾ ಚೇಚಿ?" ಎಂದು ಅಳತೆ ಕೇಳಿದ ಅಂಗಡಿಯವನು.

ಅಚ್ಯುತನ ಕೊನೆಯ ರಜೆಯಲ್ಲಿ ಅವಳೇ ಮೂವತ್ತೆಂಟರ ಷರ್ಟು ತೆಗೆದುಕೊಟ್ಟಿದ್ದಳು. ಅದನ್ನೇ ಹೇಳಲು ಬಾಯಿ ತೆರೆದವಳು ತಡೆದುಕೊಂಡಳು.

"ತಮ್ಮನಿಗೆ. ಐವತ್ತು ವಯಸ್ಸು," ಎಂದು ಮಲಯಾಳದಲ್ಲಿ ಹೇಳಿದಳು.

ಅವನು ನಲವತ್ತೆರಡರದ್ದನ್ನು ಬಿಚ್ಚಿ ಹಿಡಿದ. ಅವರ ಮನೆಯ ಗಂಡಸರಿಗೆ ನಲವತ್ತು ದಾಟಿದ ಮೇಲೆ ಹೊಟ್ಟೆ ಬರದೇ ಹೋದದ್ದಿಲ್ಲ. ಸುಶೀಲ ಹೊಟ್ಟೆ ಬರುವಲ್ಲಿ ಗೇಣು ಹಾಕಿ ನೋಡಿ, ಇನ್ನೂ ಒಂದು ಅಳತೆ ದೊಡ್ಡದು ಕೊಡಿ ಎಂದಳು.