ಜಗಲಿಯ ಮೇಲೆ ಹನ್ನೊಂದು ನಿಮಿಷ

ಉತ್ತರ ಕಲ್ಕತ್ತೆಯ ನಮ್ಮ ಗಲ್ಲಿಯಲ್ಲಿ ಬುಲು ಬಿಚ್ಚಿ ನೋಡದ ಸೀಲಿಂಗ್ ಫ್ಯಾನ್ ಒಂದೂ ಇಲ್ಲ. ಬೇಸಿಗೆ ಬಂತೆಂದರೆ ಎಲ್ಲರಿಗೂ ಅವನೇ ದೇವರು. ಹುಟ್ಟಿದಾಗ ಹೆಣ್ಣೆಂದು ಶೆಫಾಲಿಕಾ ಎಂದು ಹೆಸರಿಟ್ಟಿದ್ದರು. ಆ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಹದಿನೈದಕ್ಕೆ ಕೂದಲು ಕತ್ತರಿಸಿ ಅಣ್ಣನ ಅಂಗಿ ತೊಟ್ಟವನು ಮತ್ತೆ ತಿರುಗಿ ನೋಡಲಿಲ್ಲ. ಅವನ ಜೊತೆ ಹದಿನಾರು ವರ್ಷದಿಂದ ಸಂಸಾರ ಮಾಡುತ್ತಿರುವವಳು ನಾನು. ನಮ್ಮವನನ್ನು ನಾನೇ ಹೊಗಳುತ್ತಿದ್ದೇನೆ ಅನ್ನುವವರು ಅನ್ನಲಿ.

ಆದರೆ ಜಗಲಿಯ ಮಾತೇ ಬೇರೆ. ಸಂಜೆಯಾದರೆ ಮಿತ್ರಾ ಮನೆತನದವರ ಮನೆಯ ಜಗಲಿಯಲ್ಲಿ ಗಂಡಸರು ಸೇರಿ ಫುಟ್‌ಬಾಲಿನಿಂದ ಹಿಡಿದು ಮೀನಿನ ರುಚಿಯವರೆಗೆ ಜಗಳವಾಡುತ್ತಾರೆ. ಹೆಂಗಸರು ಅಲ್ಲಿ ಕೂರುವುದಿಲ್ಲ. ಬುಲುವನ್ನು ಯಾರೂ ಬೇಡ ಅಂದಿರಲಿಲ್ಲ, ಬಾ ಕೂರು ಅಂತಲೂ ಅಂದಿರಲಿಲ್ಲ. ಇಪ್ಪತ್ತು ವರ್ಷ ಅವನು ಲೈಟ್ ಕಂಬಕ್ಕೆ ಒರಗಿ ನಿಂತೇ ಹರಟೆ ಹೊಡೆದ. ಕಿಟಕಿಯಿಂದ ನೋಡಿ ನನಗೆ ಸಂಕಟವಾಗುತ್ತಿತ್ತು.

ಕಳೆದ ವರ್ಷ ಪೃಥಾ ಎಂಬ ಹುಡುಗಿ ಸಿನಿಮಾ ಮಾಡಲು ಬಂದಳು. ಅದರಲ್ಲಿ ಕಥೆಯಿಲ್ಲ, ಹಾಡಿಲ್ಲ. ತೇವ ಹಿಡಿದ ಗೋಡೆ, ಟ್ರಾಮಿನ ತಂತಿ, ತಾರಸಿಗಳು, ಮತ್ತೆ ಈ ಊರಲ್ಲಿ ನಮ್ಮಂಥವರಿಗೆ ಸಿಕ್ಕಿರುವ, ಸಿಗದ ಜಾಗಗಳು.

"ಬುಲುದಾ, ನಿಮಗೆ ಎಲ್ಲಿ ಕೂರ್ಬೇಕು ಅನ್ಸುತ್ತೆ?" ಎಂದು, ಅಣ್ಣನನ್ನು ಕರೆಯುವ ಹಾಗೆ ‘ದಾ’ ಸೇರಿಸಿ ಕೇಳಿದಳು.

"ಜಗಲೀಲಿ," ಅಂದ.

"ಹುಚ್ಚು ಹಿಡ್ದಿದ್ಯಾ? ಯಾರಾದ್ರೂ ಏಳು ಅಂದ್ರೆ? ಆ ಅವಮಾನ ಸಿನಿಮಾದಲ್ಲಿ ಉಳ್ಕೊಂಡ್ಬಿಡುತ್ತೆ," ಎಂದು ನಾನು ರೇಗಿದೆ.

"ಉಳ್ಕೊಳ್ಲಿ. ನಿಂತೂ ನಿಂತೂ ಕಾಲು ನೋಯ್ತಿದೆ ಕಣೇ."

ಕ್ಯಾಮೆರಾದಲ್ಲಿ ಇದ್ದದ್ದು ಹನ್ನೊಂದು ನಿಮಿಷದ ಒಂದೇ ರೀಲು. ಅಲುಗಾಡಬಾರದು, ತುಟಿ ಬಿಚ್ಚಬಾರದು ಎಂದು ಪೃಥಾ ತಾಕೀತು ಮಾಡಿದಳು. ಇಸ್ತ್ರಿ ಅಂಗಿ ತೊಟ್ಟು ಬುಲು ಹೋಗಿ ಕುಳಿತ. ಕುಳಿತದ್ದು ಹಾರಾಧನ ಜೇಠು ಅವರ ಜಾಗದಲ್ಲಿ! ಗಲ್ಲಿಗೇ ದೊಡ್ಡಪ್ಪನಂತಿರುವ ಆ ಮುದುಕರು ನಲವತ್ತು ವರ್ಷದಿಂದ ಆ ಜಾಗ ಯಾರಿಗೂ ಬಿಟ್ಟವರಲ್ಲ.

ಏಳನೇ ನಿಮಿಷಕ್ಕೆ ಜೇಠು ಕೋಲೂರಿಕೊಂಡು ಬಂದೇಬಿಟ್ಟರು. ಕ್ಯಾಮೆರಾ ನೋಡಿದರು, ಬುಲುವನ್ನು ನೋಡಿದರು. ನಾನು ಕಿಟಕಿಯಿಂದ ಕತ್ತು ಚಾಚಿದೆ.

"ಇದು ಯಾರ ಜಾಗ ಗೊತ್ತೇನೋ?"

"ಗೊತ್ತು ಜೇಠು. ಇವತ್ತು ನಾನು ಏಳಲ್ಲ," ಅಂದ ಬುಲು.

"ಏಳು ಅಂದೋರ್ಯಾರು? ಸರ್ಕೊ ಆ ಕಡೆ. ನಿಮ್ಮ ಗೋಲ್‌ಕೀಪರ್ ನಿನ್ನೆ ಕೈಗೆ ಬೆಣ್ಣೆ ಬಳ್ಕೊಂಡು ಬಂದಿದ್ನಾ?"

"ನಿಮ್ಮೋರು ಹೊಡ್ದ ಗೋಲು ಆಫ್‌ಸೈಡು!"

ಉಳಿದ ನಾಲ್ಕು ನಿಮಿಷವೂ ಇಬ್ಬರೂ ಕಚ್ಚಾಡಿದರು. ಪೃಥಾ ತಲೆಯ ಮೇಲೆ ಕೈಹೊತ್ತು ನಗುತ್ತಿದ್ದಳು. ನಾನು ಅತ್ತುಬಿಟ್ಟೆ, ಇಂಥವನು ನನ್ನವನು ಎಂಬ ಹೆಮ್ಮೆಗೆ.

ಆ ಸಿನಿಮಾ ಆಮೇಲೆ ಯಾವ್ಯಾವುದೋ ಊರಿಗೆ ಹೋಯಿತಂತೆ, ಜನ ಚಪ್ಪಾಳೆ ತಟ್ಟಿದರಂತೆ. ನಾನು ಕಂಡದ್ದು ರೀಲು ಮುಗಿದ ಮಾರನೆಯ ಸಂಜೆಯನ್ನು. ಅಂದು ಕ್ಯಾಮೆರಾ ಇರಲಿಲ್ಲ, ಪೃಥಾ ಇರಲಿಲ್ಲ. ಬುಲು ತನ್ನ ರಿಪೇರಿ ಅಂಗಡಿಯಿಂದ ಬಂದು ಇನ್ನೂ ಮುಖ ತೊಳೆಯುತ್ತಿದ್ದ. ಕಿಟಕಿಯ ಕೆಳಗೆ ಕೋಲು ಕುಟ್ಟಿದ ಸದ್ದಾಯಿತು.

"ಏ ಬುಲು, ಎಷ್ಟೊತ್ತೋ? ನಿನ್ನ ಜಾಗ ಹಿಡಿದೂ ಹಿಡಿದೂ ಸಾಕಾಯ್ತು. ಬಾ ಬೇಗ!"