ಕೀಲಿ ಜೇಬಿಗಿಳಿಸುವ ಮುನಾಫ್

ಆವರಗೆರೆಯ ಮುನಾಫ್ ಜಗಮೊಂಡ. ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದವನು, ಆಗಲೂ ಹಾಗೇ ಇದ್ದ. ಕೊಳವೆಬಾವಿಯಲ್ಲಿ ಸಿಕ್ಕಿಬಿದ್ದ ಮೋಟಾರು ಎತ್ತುವುದು ಅವನ ಕಸುಬು; ಬಾವಿಯ ಮಾಲೀಕರ ಜೊತೆ ಜಗಳ ಕಾಯುವುದು ಅದರ ಜೊತೆಗೇ ಬಂದದ್ದು. ಟ್ರ್ಯಾಕ್ಟರಿನ ಹಿಂದೆ ಉಕ್ಕಿನ ರೋಪು ಸುತ್ತಿದ ರಾಟೆ, ರಾಟೆಗೂ ಅವನ ಸೀಟಿಗೂ ನಡುವೆ ದಪ್ಪ ಕಬ್ಬಿಣದ ಜಾಲರಿ. ಹರಿಹರದಲ್ಲಿ ವೆಲ್ಡಿಂಗ್ ಮಾಡಿಸಿದ ಆ ಜಾಲರಿಗೆ ನಾವೆಲ್ಲ ಕೋಳಿಗೂಡು ಅಂತ ಹೆಸರಿಟ್ಟು ನಗುತ್ತಿದ್ದೆವು. ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಮೋಟಾರು ಎತ್ತುವಾಗ ನಮ್ಮ ಕಡೆ ಅರ್ಧ ಊರೇ ಬೋರಿನ ಸುತ್ತ ನೆರೆಯುತ್ತದೆ. ಕಾಯಿ ಒಡೆದ ಮೇಲೆ ಮಾಲೀಕ ಬಿಗಿದ ರೋಪಿನ ಮೇಲೆ ಕೈಯಿಟ್ಟು ನಿಲ್ಲಬೇಕು. ಮೋಟಾರು ಕದಲಿದ್ದು ಮೊದಲು ಅವನ ಕೈಗೇ ಗೊತ್ತಾಗುತ್ತದಂತೆ!

ಕಳೆದ ವರ್ಷ ನಂದಿಗುಡಿಯಲ್ಲಿ ನನ್ನ ದೊಡ್ಡಪ್ಪ ಕುಬೇರಪ್ಪನ ಮೋಟಾರು ಬೋರಿನೊಳಗೆ ಕೆಸರು ಕಚ್ಚಿಕೊಂಡು ಕೂತಿತು. ಭತ್ತದ ಸಸಿಮಡಿ ಒಣಗುತ್ತಿತ್ತು. ನಾನೇ ಮುನಾಫ್‌ನನ್ನು ಕರೆದುಕೊಂಡು ಹೋದೆ. ರೋಪು ತುಂಡಾದರೆ ಚಾಟಿಯಂತೆ ಹಾರದೆ ನೆಲಕ್ಕೆ ಬೀಳಲಿ ಎಂದು ಅವನು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ. ಎಲ್ಲರನ್ನೂ ದೂರದ ಬದುವಿಗೆ ಅಟ್ಟಿದ. ದೊಡ್ಡಪ್ಪ ಮಾತ್ರ ಬೋರಿನ ಪಕ್ಕದಿಂದ ಅಲುಗಾಡಲಿಲ್ಲ.

"ನನ್ನ ಹೊಲ, ನನ್ನ ಬೋರು. ನಾನೆಲ್ಲಿ ನಿಲ್ಲಬೇಕಂತ ನೀನು ಹೇಳ್ತೀಯೇನಲೇ?"

"ಹೊಲ ನಿಮ್ದು ಗೌಡ್ರೆ. ರೋಪು ನಂದು."

ಅಷ್ಟು ಹೇಳಿ ಟ್ರ್ಯಾಕ್ಟರ್ ಆಫ್ ಮಾಡಿದ. ಕೀಲಿ ಜೇಬಿಗಿಳಿಸಿ ಬೇವಿನ ಮರದಡಿ ಹೋಗಿ ಕೂತೇಬಿಟ್ಟ.

ದೊಡ್ಡಪ್ಪ ಕೆಂಡಾಮಂಡಲವಾದರು. "ಬೇರೆ ಗಾಡಿ ಕರಸ್ತೀನಿ! ಈ ತಾಲ್ಲೂಕಿನಾಗೆ ನಿನಗೆ ಒಂದು ಕೆಲಸಾನೂ ಸಿಗದಂಗೆ ಮಾಡ್ತೀನಿ!"

"ಮಾಡ್ರಿ."

ಒಂದು ತಾಸು ಕಳೆಯಿತು. ನನಗೆ ಮುನಾಫ್ ಮೇಲೇ ಸಿಟ್ಟು ಬಂತು. "ಹಿರೇರು, ಒಂದ್ಸಲ ಬಿಟ್ಟುಕೊಡೋ. ಏನು ಗಂಟು ಹೋಗುತ್ತೆ ನಿಂದು?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಬಕ್ಕೇಶ ಯಾಕ ಕಟ್ಟಿಗೆ ಕಾಲು ಹಾಕ್ಕಂಡು ಕುಂಟ್ತಾನೆ ಗೊತ್ತೇನು?"

ಬಕ್ಕೇಶ ಮೊದಲು ಅವನ ಜೊತೆ ದುಡಿಯುತ್ತಿದ್ದವನು. ಆಕ್ಸಿಡೆಂಟ್ ಅಂತಷ್ಟೇ ನಾನು ಕೇಳಿದ್ದೆ.

"ರೋಪಿನ ಎಳೆ ಕಿತ್ತಿದ್ದು ನನಗೆ ಕಂಡಿತ್ತು. ಮಾಲೀಕ ಅವಸರ ಮಾಡ್ದ, ನಾನು ಬಾಯಿ ಮುಚ್ಕಂಡು ಎಳದೆ. ಬಕ್ಕೇಶ ಬೋರಿನ ಪಕ್ಕದಾಗೇ ನಿಂತಿದ್ದ. ಮೊಣಕಾಲಿನ ಕೆಳಗೆ ಏನೂ ಉಳೀಲಿಲ್ಲ. ಅವನ ಕಾಲು ತೆಗೆದಿದ್ದು ರೋಪಲ್ಲ, ನಾನು ಮುಚ್ಚಿದ ಬಾಯಿ. ಇನ್ನು ಮುಚ್ಚಲ್ಲ."

ನಾನು ಸೀದಾ ಹೋಗಿ ದೊಡ್ಡಪ್ಪನ ರಟ್ಟೆ ಹಿಡಿದು ಬದುವಿಗೆ ಎಳೆದುಕೊಂಡು ಬಂದೆ. ನನ್ನ ಜನ್ಮದಲ್ಲಿ ಅವರ ಮೈಮುಟ್ಟಿ ಎಳೆದದ್ದು ಅದೇ ಮೊದಲು. ದಾರಿಯುದ್ದಕ್ಕೂ ಬೈಯುತ್ತಲೇ ಬಂದರು.

ಟ್ರ್ಯಾಕ್ಟರ್ ಗುರುಗುಟ್ಟಿತು. ರೋಪು ಬಿಗಿಯಿತು, ಕಿರುಗುಟ್ಟಿತು. ಕೊನೆಗೆ ಕೆಸರು ಮೆತ್ತಿಕೊಂಡ ಮೋಟಾರು ಮೇಲೆ ಬಂತು.

ದೊಡ್ಡಪ್ಪ ಗೆದ್ದವರಂತೆ ಚಪ್ಪಾಳೆ ತಟ್ಟಿದರು. "ನೋಡ್ದೇನಲೇ? ರೋಪೂ ಹರೀಲಿಲ್ಲ, ಎಂಥದ್ದೂ ಆಗ್ಲಿಲ್ಲ. ಸುಮ್ಸುಮ್ನೆ ಒಂದು ತಾಸು ಹಾಳು ಮಾಡ್ದೆ!"

ಬದುವಿನ ಮೇಲಿದ್ದವರೆಲ್ಲ ನಕ್ಕರು. ಮುನಾಫ್ ರೋಪು ಸುತ್ತುತ್ತಲೇ ತಲೆಯೆತ್ತಿ, ನಿಂತ ಒಬ್ಬೊಬ್ಬರ ಕಾಲನ್ನೂ ನೋಡಿದ.

"ಎಂಥದ್ದೂ ಆಗ್ಲಿಲ್ಲ ಅಲ್ಲೇನ್ರಿ ಗೌಡ್ರೆ? ಅದಕ್ಕೇ ಕೂತಿದ್ದು ನಾನು."