ಆಸ್ಮಾ ಕೂತ ಎರಡನೇ ಚಿಲ್ಲಾ

ಕಮಲಾಪುರದ ಅಮೀನಾಬಿಯ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಹಾಡಹಗಲೇ ಬಾಗಿಲು ಹಾಕಿಕೊಂಡು ಕೂತಿದ್ದಾಳೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ತಲೆ ಕೆಟ್ಟಿದೆ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಕೆಲವರು. ಅನ್ನುವವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ? ಅವಳು ಅಮೀನಾಬಿಯ ಮಗಳು ಆಸ್ಮಾ. ತನ್ನ ಏಳು ತಿಂಗಳ ಕೂಸನ್ನು ತನ್ನಿಂದಲೇ ಕಾಪಾಡಲು ಒಳಗೆ ಕೂತಿದ್ದಳು.

ಆಸ್ಮಾಳನ್ನು ನೀವು ಮೊದಲು ನೋಡಬೇಕಿತ್ತು. ಕಲಬುರಗಿಯ ನೆಹರು ಗಂಜಿನ ಹಿಂದುಗಡೆ ಅವಳ ಗಂಡ ವಕಾರನ ಗುಜರಿ ಅಂಗಡಿ. ಗಂಡ ತೂಕ ಮಾಡುತ್ತಿದ್ದರೆ ಇವಳು ಗೋಣಿಚೀಲದ ಮೇಲೆ ಕೂತು ತಾಮ್ರ ಬೇರೆ, ಹಿತ್ತಾಳೆ ಬೇರೆ ಮಾಡುವಳು. ಕಣ್ಣು ಮುಚ್ಚಿ ಉಗುರಿನಿಂದ ಗೀರಿ ಇದು ಸೀಸ, ಇದು ಸ್ಟೀಲು ಎನ್ನುವಷ್ಟು ಪಳಗಿದ ಕೈ. ಬಾಯಿಯೂ ಅಷ್ಟೇ ಜೋರು. ಯಾರಾದರೂ ತಂತಿಯ ಸುರುಳಿಯೊಳಗೆ ಕಲ್ಲು ಸೇರಿಸಿ ತಂದರೆ ಗಂಜಿನ ಹಮಾಲರಿಗೆಲ್ಲ ಕೇಳುವ ಹಾಗೆ ಬೈಯುವಳು.

ಬಕ್ರೀದಿನ ಹಿಂದಿನ ವಾರ, ಮುಚ್ಚಿಹೋದ ಯಾವುದೋ ಕಾರ್ಖಾನೆಯ ಸಾಮಾನಿನ ಜತೆ ಒಂದು ಡಬ್ಬಿ ಬಂತು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಎತ್ತಲು ಇಬ್ಬರು ಬೇಕು. ಇಷ್ಟು ಸೀಸ ಸಿಕ್ಕಿತೆಂದು ವಕಾರ ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಒಡೆದ. ಒಳಗೆ ಮಿರಮಿರ ಹೊಳೆಯುವ ಚೂರುಗಳಿದ್ದವು. ವಾಸನೆಯಿಲ್ಲ, ಹೊಗೆಯಿಲ್ಲ. ಹತ್ತು ದಿನಕ್ಕೆ ಅವನ ಬೆರಳುಗಳಲ್ಲಿ ಸುಟ್ಟ ಹಾಗೆ ಬೊಬ್ಬೆಗಳೆದ್ದವು, ಬಾಚಿದರೆ ಕೂದಲು ಹಿಡಿ ಹಿಡಿ ಬಂತು. ಒಂದು ಬೆಳಗ್ಗೆ ಮುಖವೂ ಕಾಣದಂತೆ ಬಿಳಿ ಉಡುಪು ತೊಟ್ಟವರು ಬಂದು ಅಂಗಡಿಯ ನೆಲಕ್ಕೆ ವಿಕಿರಣ ಅಳೆಯುವ ಹಳದಿ ಮೀಟರು ಹಿಡಿದರು. ಅದು ಟಿಕ್ ಟಿಕ್ ಎಂದು ಶುರುವಾಗಿ ಬಾಣಲೆಯಲ್ಲಿ ಜೋಳ ಅರಳುವ ಹಾಗೆ ಸಿಡಿಯಿತು. ಚೂರುಗಳನ್ನು ಒಯ್ದರು, ನೆಲದ ಮಣ್ಣನ್ನೂ ಅಗೆದು ಒಯ್ದರು. ವಕಾರನನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದರು.

ಆಮೇಲೆ ಮೀಟರನ್ನು ಆಸ್ಮಾಳಿಗೂ ಕೂಸು ತೂಬಾಳಿಗೂ ಹಿಡಿದು, "ನಿಮ್ಮ ಮೈಯಾಗ ಏನೂ ಇಲ್ರೀ" ಎಂದರು. ನೆತ್ತಿಯಿಂದ ಅಂಗಾಲಿನವರೆಗೆ ತಾನು ಮುಚ್ಚಿಕೊಂಡು ನಿಂತವನು ಏನೂ ಇಲ್ಲ ಎಂದರೆ ಯಾವ ತಾಯಿ ನಂಬುತ್ತಾಳೆ, ನೀವೇ ಹೇಳಿ! ಕೂಸನ್ನು ಅವಳು ಅಂಗಡಿಗೆ ಒಯ್ಯುತ್ತಿರಲಿಲ್ಲ. ಆದರೆ ತಾನು ದಿನವಿಡೀ ಆ ಚೂರುಗಳ ಪಕ್ಕದಲ್ಲೇ ಕೂತವಳು, ಸಂಜೆ ಬಂದು ಹಾಲು ಕುಡಿಸಿದವಳು. ಅವುಗಳ ವಿಷ ತನ್ನೊಳಗೆ ಸೇರಿದೆ ಎಂದು ಅವಳಿಗೆ ಖಾತ್ರಿಯಾಯಿತು.

ತವರಿಗೆ ಬಂದವಳೇ ಕೂಸನ್ನು ಕಟ್ಟೆಯ ಮೇಲೆ ಮಲಗಿಸಿ ದೂರ ಸರಿದು ನಿಂತಳು.

"ಹಾಲು ಕುಡಿಯೋ ಕೂಸಿಗೆ ತಾಯಿ ಬ್ಯಾಡೇನ?" ಎಂದಳು ಅಮೀನಾಬಿ.

"ನನ್ನ ಹಾಲು ಬ್ಯಾಡ ಅಮ್ಮಿ. ಚಿಲ್ಲಾ ಕೂಡ್ತೀನಿ. ನಲವತ್ತು ದಿನಕ್ಕ ವಿಷ ಇಳೀತದೋ ಏನೋ."

ಹೆರಿಗೆಯಾದ ಮೇಲೆ ತಾಯಿ ಮಗು ನಲವತ್ತು ದಿನ ಒಂದೇ ಕೋಣೆಯಲ್ಲಿರುವುದಕ್ಕೆ ಅವರಲ್ಲಿ ಚಿಲ್ಲಾ ಎನ್ನುತ್ತಾರೆ. ಇದೇ ಕೋಣೆಯಲ್ಲಿ ಅವಳ ಮೊದಲ ಚಿಲ್ಲಾ ಆಗಿತ್ತು. ಈಗ ಕೂಸು ಹೊರಗೆ, ತಾಯಿ ಒಳಗೆ. ಎದೆ ಬಿಗಿದಾಗ ಹಾಲನ್ನು ಲೋಟಕ್ಕೆ ಹಿಂಡಿ ಹಿತ್ತಲ ಮೋರಿಗೆ ಸುರಿಯುವಳು. ಕೋಳಿಗಳು ಬಾಯಿ ಹಾಕದಿರಲೆಂದು ನೀರು ಹೊಯ್ದು ತೊಳೆಯುವಳು. ಮಧ್ಯಾಹ್ನದ ಬಿಸಿಲಿಗೆ ಮೇಲಿನ ತಗಡು ಟಿಕ್ ಎಂದರೆ ಗೋಡೆಗೆ ಒರಗಿದವಳು ನೆಟ್ಟಗಾಗುವಳು. ಒಮ್ಮೊಮ್ಮೆ ತಗಡು ಸುಮ್ಮನಿದ್ದಾಗಲೂ ಟಿಕ್ ಕೇಳುತ್ತಿತ್ತು, ತನ್ನ ಎಲುಬಿನೊಳಗಿಂದಲೇ ಬಂದ ಹಾಗೆ.

ಕೂಸು ಅತ್ತರೆ ಆಸ್ಮಾ ಬಾಗಿಲಿಗೆ ಬರುವಳು. ಮಾತಾಡಿದರೆ ಉಸಿರು ತಾಗೀತೆಂಬ ಭಯ. ಅದಕ್ಕೇ ಬಾಗಿಲ ಹಲಗೆಗೆ ಉಗುರಿನಿಂದ ಟಕ್ ಟಕ್ ಎಂದು ಬಡಿಯುವಳು. ತೂಬಾ ಗಪ್ಪಾಗುವುದು. ಕೆಲವು ದಿನಕ್ಕೆ ಅಂಬೆಗಾಲು ಕಲಿತ ಆ ಕೂಸು ಬಾಗಿಲಿಗೇ ಬಂದು ಅಂಗೈಯಿಂದ ಪಟ್ ಪಟ್ ಎಂದು ಉತ್ತರ ಕೊಡತೊಡಗಿತು. ಇಪ್ಪತ್ತಾರು ದಿನ ಹೀಗೇ ನಡೆಯಿತು.

ಇಪ್ಪತ್ತೇಳನೇ ದಿನ ಆಸ್ಮಾ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ತೂಬಾ ಅತ್ತ ಮುಖ ಮಾಡಿ ಕೂತಿತ್ತು. ಹಿಂದಲೆಯಲ್ಲಿ ರೂಪಾಯಿಯಗಲ ಕೂದಲಿಲ್ಲ, ಬೋಳು.

"ಅಮ್ಮೀ! ಅಕಿ ತಲಿಗೆ ಏನಾಗ್ಯದ?"

"ಮಲಗಿ ಮಲಗಿ ಸವದದ. ನಿಂದೂ ಹಂಗೇ ಇತ್ತು."

"ತಲಿ ಬುಡಕ ಏನಿಟ್ಟೀದಿ?"

"ಏನಿಡ್ತಾರ? ಕಬ್ಬಿಣ. ಕೆಟ್ಟದ್ದು ಹತ್ರ ಬರಬಾರದಂತ." ಅಮೀನಾಬಿ ತೊಟ್ಟಿಲು ಸರಿಮಾಡುತ್ತ ಅಂದಳು. "ಹಳೇದು ಜಂಗ್ ಹಿಡಿದಿತ್ತು. ಬಕ್ರೀದಿಗೆ ಬಂದಾಗ ವಕಾರ ಹೊಸಾದು ಕೊಟ್ಟಾನಲ್ಲ, ಹೊಳಿಯೋದು."

ಆಸ್ಮಾ ಫೋನು ಹಚ್ಚಿದಳು. ಹೈದರಾಬಾದಿನಿಂದ ವಕಾರನ ದನಿ ಬಾವಿಯ ತಳದಿಂದ ಬಂದಂತಿತ್ತು. "ನೆನಪಿಲ್ಲ ಆಸ್ಮಾ. ರಾಶಿಯಿಂದ ತಗೊಂಡಿದ್ದೆ. ಆ ದಿನ ಎಲ್ಲಾ ಹೊಳೀತಿತ್ತು."

ಬಾಗಿಲು ಧಡಾರನೆ ತೆರೆಯಿತು. ಸೆರಗನ್ನು ಮೂಗು ಬಾಯಿಗೆ ಸುತ್ತಿದ ಆಸ್ಮಾ ಕೂಸಿನತ್ತ ನೋಡದೆ ತೊಟ್ಟಿಲಿಗೆ ಕೈಹಾಕಿ ದಿಂಬಿನಡಿಯ ಕಬ್ಬಿಣದ ಗಂಟನ್ನು ಕಿತ್ತುಕೊಂಡಳು. ಹೊಟ್ಟೆಗೆ ಅವುಚಿಕೊಂಡು, ಅದಕ್ಕೆ ತನ್ನ ಮೈಯನ್ನೇ ಅಡ್ಡವಿಟ್ಟು ಓಡಿದಳು. ಬರಿಗಾಲಲ್ಲಿ ಕೆಂಪುಬಾಳೆಯ ತೋಟ ದಾಟಿ, ಮನೆ ಕಾಣದಷ್ಟು ದೂರದ ಹಳ್ಳದ ಬದುವಿನಲ್ಲಿ ಕೂತಳು. ಅಲ್ಲಿ ಇಟ್ಟು ಬರಬಹುದಿತ್ತು. ಮೇಯುವ ದನವೋ ಆಡುವ ಮಕ್ಕಳೋ ಮುಟ್ಟಿದರೆ? ಸಾಯುವುದಾದರೆ ತಾನೊಬ್ಬಳೇ ಸಾಯಲಿ ಎಂದು ಅಲ್ಲೇ ಕೂತಳು. ಅಂಗೈ ಬಿಸಿಯಾದಂತೆ, ನಾಲಿಗೆ ಕಹಿಯಾದಂತೆ ಅನ್ನಿಸಿತು. ಬಾಳೆಲೆಗಳು ಗಾಳಿಯಿಲ್ಲದೆ ನಿಂತಿದ್ದವು. ಟಿಕ್, ಟಿಕ್.

ಅಮೀನಾಬಿ ಫೋನು ಮಾಡಿ ಕರೆಸಿದ, ಅಂದು ಬಿಳಿ ಉಡುಪಿನಲ್ಲಿ ಮೀಟರು ಹಿಡಿದಿದ್ದ ಅಧಿಕಾರಿ ಆನಂದಕುಮಾರ ಕಲಬುರಗಿಯಿಂದ ಬರುವಾಗ ಬಿಸಿಲು ಇಳಿದಿತ್ತು. ಈ ಸಲ ಮಾಮೂಲಿ ಅಂಗಿ, ಚಪ್ಪಲಿ.

"ದೂರ ನಿಲ್ರೀ ಸಾಹೇಬ್ರ! ನಿಮಗೂ ಮಕ್ಕಳಿರಬೇಕು!" ಎಂದು ಕೂಗಿದಳು ಆಸ್ಮಾ.

ಆತ ಮೀಟರು ಮುಂದೆ ಹಿಡಿದು ಒಂದೊಂದೇ ಹೆಜ್ಜೆ ಹತ್ತಿರ ಬಂದು, ಗಂಟಿಗೆ ಹಿಡಿದ. ಟಿಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಟಿಕ್. ಅವಳ ಎದೆಗೆ ಹಿಡಿದ, ಅಷ್ಟೇ. ಹಳ್ಳದ ಕಲ್ಲಿಗೆ ಹಿಡಿದ, ಅಷ್ಟೇ.

"ಬರೇ ಕಬ್ಬಿಣ ಅದ ತಂಗಿ. ನಿನ್ನ ಮೈಯಾಗೂ ಏನಿಲ್ಲ. ಒಲಿ ಮುಂದ ಕುಂತವರ ಮೈ ಒಲಿ ಆಗ್ತದೇನು?"

"ಮತ್ತ ಟಿಕ್ ಅಂತದಲ್ರೀ?"

"ಅಷ್ಟು ಎಲ್ಲಾ ಕಡೆ ಇರ್ತದ. ಮಣ್ಣಾಗ, ಕಲ್ಲಾಗ, ಈ ಬಾಳಿಹಣ್ಣಾಗ ಸುದಾ ಎಳ್ಳಷ್ಟು. ಅದರಿಂದ ಏನೂ ಆಗಂಗಿಲ್ಲ."

ಆತ ಗಂಟು ಬಿಚ್ಚಿ ಬರಿಗೈಯಲ್ಲಿ ಕಬ್ಬಿಣ ಎತ್ತಿಕೊಂಡ. ಬಿಳಿ ಉಡುಪಿನಲ್ಲಿ ಅಂದು ಹೇಳಿದ್ದನ್ನು ನಂಬದವಳು ಈ ಬರಿಗೈ ನೋಡಿ ನಂಬಿದಳು. ಬದುವಿನ ಮೇಲೆ ಕುಸಿದು ಬೋರೆಂದು ಅತ್ತಳು.

ಮನೆಗೆ ಬಂದು ಮೀಟರು ತೂಬಾಳಿಗೂ ಹಿಡಿದಾಯಿತು, ಏನೂ ಇಲ್ಲ. ಆಸ್ಮಾ ಕೈಕಾಲು ತೊಳೆದು ಎರಡೂ ಕೈ ಚಾಚಿದಳು. ಕೂಸು ಕಿಟ್ಟನೆ ಕಿರುಚಿ ಅಜ್ಜಿಯ ಕೊರಳು ತಬ್ಬಿತು. ಎದೆಗೆ ಹಚ್ಚಿಕೊಂಡರೆ ಮುಖ ಹೊರಳಿಸಿತು. ಎದೆಯಲ್ಲಿ ಹಾಲೂ ಉಳಿದಿರಲಿಲ್ಲ. ಕೆಳಗೆ ಬಿಟ್ಟದ್ದೇ ತಡ, ತೂಬಾ ದಡದಡನೆ ಅಂಬೆಗಾಲಿಟ್ಟು ಹಿಂದಿನ ಕೋಣೆಯತ್ತ ಹೋಗಿ ಮುಚ್ಚಿದ್ದ ಬಾಗಿಲಿಗೆ ಪಟ್ ಪಟ್ ಎಂದು ಬಡಿಯಿತು. ಕಿವಿಗೊಟ್ಟು ಕಾಯಿತು.

ಆಸ್ಮಾ ಹಿಂದಿನಿಂದ ನೆಲಕ್ಕೆ ಬಡಿದಳು. ಕೂಸು ತಿರುಗಲಿಲ್ಲ. ಖಾಲಿ ಕೋಣೆಯ ಬಾಗಿಲಿಗೆ ಮತ್ತೆ ಪಟ್ ಪಟ್. ತುಟಿ ಸೊಟ್ಟಗಾಗತೊಡಗಿತು.

"ನೀ ಒಳಗ ಹೋಗ ಬೇಟಾ" ಎಂದಳು ಅಮೀನಾಬಿ ಮೆಲ್ಲಗೆ.

ಆಸ್ಮಾ ಕೂಸನ್ನು ದಾಟಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹಲಗೆಗೆ ಹಣೆ ಹಚ್ಚಿ ಉಗುರಿನಿಂದ ಟಕ್ ಟಕ್ ಎಂದು ಬಡಿದಳು. ಹೊರಗೆ ತೂಬಾ ಕಿಲಕಿಲನೆ ನಕ್ಕಿತು.